ಬಿಟಿಗೆ ಬಗ್ಗದ ಕೋಸಿನ ಹುಳ: ಆ ಗುಣ ಮರಿಗಳಿಗೆ ಹೇಗೆ ಬರುತ್ತದೆ?

ಪ್ರಶ್ನೆ: ನಾವು ಇರೋದು ಯಲಹಂಕದಲ್ಲಿ. ದೊಡ್ಡಬಳ್ಳಾಪುರದ ಕಡೆ ಅಪ್ಪನ ಒಂದೂವರೆ ಎಕರೆ ಇದೆ. ವರ್ಷಕ್ಕೆ ಎರಡು ಮೂರು ಸಲ ಎಲೆಕೋಸು ಹಾಕುತ್ತೇವೆ. ವಿಷದ ಔಷಧಿ ಬೇಡ ಅಂತ ನಾಲ್ಕು ವರ್ಷದಿಂದ ಬಿಟಿ ಪುಡಿ ಹೊಡೆಯುತ್ತಿದ್ದೇವೆ. ಖರ್ಚು ಉಳಿಯಲಿ ಅಂತ ಪ್ಯಾಕೆಟ್ ಮೇಲೆ ಬರೆದಿರುವುದರ ಅರ್ಧದಷ್ಟು ಹಾಕಿ, ವಾರಕ್ಕೊಮ್ಮೆ. ಮೊದಲೆಲ್ಲ ಹುಳ ಸಾಯುತ್ತಿತ್ತು, ಈಗ ಸಾಯುತ್ತಿಲ್ಲ. ಅಂಗಡಿಯವರು ಡಬಲ್ ಹಾಕಿ ಅಂತಾರೆ. ಪಕ್ಕದ ತೋಟದವರು ಹುಳ ಒಗ್ಗಿಕೊಂಡಿದೆ, ಮರಿಗಳಿಗೂ ಅದೇ ಬರುತ್ತೆ ಅಂತಾರೆ. ನಿಜವಾ? ಒಮ್ಮೆ ಬಂದ ಮೇಲೆ ಹೋಗಲ್ವಾ? ಹತ್ತಿರದಲ್ಲೇ ನಮ್ಮ ಸೋದರಮಾವ ರೇಷ್ಮೆ ಸಾಕುತ್ತಾರೆ. ಅವರ ಹುಳಕ್ಕೂ ಈ ಗುಣ ಬರುತ್ತಾ?

ಉತ್ತರ: ನಿಮ್ಮ ಪತ್ರದಲ್ಲಿ ನಾನು ಎರಡು ಸಲ ಓದಿದ್ದು ಒಂದೇ ಮಾತನ್ನು, 'ಅರ್ಧದಷ್ಟು' ಅನ್ನುವುದನ್ನು. ನೀವು ಅದನ್ನು ಖರ್ಚಿನ ವಿಷಯವಾಗಿ ಬರೆದಿದ್ದೀರಿ. ನಿಮ್ಮ ಎಲ್ಲ ಪ್ರಶ್ನೆಗಳ ಬೇರು ಅಲ್ಲೇ ಇದೆ ಅಂತ ನನಗೆ ಅನ್ನಿಸುತ್ತದೆ. ಅದಕ್ಕೆ ಬರುತ್ತೇನೆ.

ಮೊದಲು ಒಂದು ಅನುಮಾನ ಬಗೆಹರಿಸಿಕೊಳ್ಳಿ. ಹುಳ ನಿಜಕ್ಕೂ ಸಾಯುತ್ತಿಲ್ಲವಾ, ಅಥವಾ ಔಷಧಿ ಹುಳದ ಹೊಟ್ಟೆಗೆ ಹೋಗುತ್ತಲೇ ಇಲ್ಲವಾ? ಬಿಟಿ ಅನ್ನುವುದು ಬ್ಯಾಕ್ಟೀರಿಯಾದಿಂದ ಮಾಡಿದ ಔಷಧಿ, ಮೈಗೆ ತಾಗಿದರೆ ಕೊಲ್ಲುವಂಥದ್ದಲ್ಲ. ಹುಳ ಅದನ್ನು ತಿನ್ನಬೇಕು. ತಿಂದ ಮೇಲೂ ತಕ್ಷಣ ಸಾಯುವುದಿಲ್ಲ. ಕೆಲವೇ ಗಂಟೆಗಳಲ್ಲಿ ಮೇಯುವುದು ನಿಲ್ಲುತ್ತದೆ, ಸಾಯುವುದಕ್ಕೆ ಎರಡು ಮೂರು ದಿನ ಬೇಕು. ಬೆಳಿಗ್ಗೆ ಹೊಡೆದು ಸಂಜೆ ಹೋಗಿ ನೋಡಿದವರಿಗೆ ಎಲ್ಲ ಹುಳವೂ ಜೀವಂತ ಕಾಣುತ್ತದೆ. ಜೊತೆಗೆ ಬಿಸಿಲು ಈ ಔಷಧಿಯನ್ನು ಬೇಗ ಕೆಡಿಸುತ್ತದೆ. ಕೋಸಿನ ಎಲೆ ಮೇಲೆ ಮೇಣದ ಪದರ ಬೇರೆ. ಅಂಟು ದ್ರಾವಣ ಸೇರಿಸದಿದ್ದರೆ ಹನಿಗಳು ಉರುಳಿ ನೆಲಕ್ಕೆ ಬೀಳುತ್ತವೆ. ಬಿಸಿಲಲ್ಲಿ ಇಟ್ಟ ಪ್ಯಾಕೆಟ್ಟು, ಅವಧಿ ಮುಗಿದ ಪ್ಯಾಕೆಟ್ಟು ಕೂಡ ಹುಳದ ಮೇಲೆ ಸುಮ್ನೆ ಅಪವಾದ ಹೊರಿಸುತ್ತವೆ.

ಇದನ್ನು ಮನೆಯಲ್ಲೇ ನೋಡಬಹುದು. ಎರಡು ವಾರದಿಂದ ಏನೂ ಹೊಡೆಯದ ಗಿಡದಿಂದ ಕೆಲವು ಎಲೆ ತನ್ನಿ, ತೊಳೆಯಿರಿ. ಬಿಟಿ ಪುಡಿಯನ್ನು ಪ್ಯಾಕೆಟ್ ಮೇಲಿನ ಪೂರ್ತಿ ಪ್ರಮಾಣದಲ್ಲಿ ಒಂದು ಬಟ್ಟಲು ನೀರಿಗೆ ಕಲಸಿ, ಒಂದು ಹನಿ ಅಂಟು ದ್ರಾವಣ ಹಾಕಿ. ಅರ್ಧ ಎಲೆಗಳನ್ನು ಅದರಲ್ಲಿ ಅದ್ದಿ. ಉಳಿದವನ್ನು ಅಂಟು ಮಾತ್ರ ಹಾಕಿದ ಬರೀ ನೀರಿನಲ್ಲಿ ಅದ್ದಿ. ನೆರಳಲ್ಲಿ ಒಣಗಿಸಿ. ಹೋಟೆಲಿನವರು ಸಾಂಬಾರ್ ಕಟ್ಟಿಕೊಡುವ ಪ್ಲಾಸ್ಟಿಕ್ ಡಬ್ಬಿ ಸಾಕು, ಮುಚ್ಚಳಕ್ಕೆ ಸೂಜಿಯಿಂದ ತೂತು ಮಾಡಿ. ಒಂದೊಂದು ಬಗೆಗೆ ಎರಡು ಡಬ್ಬಿ, ಡಬ್ಬಿಗೆ ಹತ್ತು ಹುಳ. ದೊಡ್ಡ ಹುಳ ಬೇಡ, ಸಣ್ಣವು, ಅಕ್ಕಿಕಾಳಿಗಿಂತ ಚಿಕ್ಕವು. ಮೂರನೇ ದಿನ ತೆಗೆದು ಎಣಿಸಿ. ಮುಟ್ಟಿದರೆ ಅಲುಗಾಡದ್ದು ಸತ್ತ ಲೆಕ್ಕ. ಈ ಹುಳವನ್ನು ಮುಟ್ಟಿದರೆ ಮೈ ನುಲಿದು ಸರ್ರನೆ ಹಿಂದಕ್ಕೆ ಸರಿಯುತ್ತದೆ, ಎಲೆ ಅಂಚಿನಿಂದ ನೂಲು ಬಿಟ್ಟು ತೂಗಾಡುತ್ತದೆ. ಹಾಗಾಗಿ ಬದುಕಿರುವುದನ್ನು ಗುರುತಿಸುವುದು ಕಷ್ಟವಿಲ್ಲ.

ಬಿಟಿ ಡಬ್ಬಿಯಲ್ಲಿ ಹೆಚ್ಚುಕಡಿಮೆ ಎಲ್ಲವೂ ಸತ್ತಿದ್ದರೆ ತೊಂದರೆ ನಿಮ್ಮ ಹೊಡೆಯುವ ರೀತಿಯಲ್ಲಿದೆ. ಒಳ್ಳೆಯ ಹೊಸ ಪ್ಯಾಕೆಟ್ ಬಳಸಿಯೂ ಅರ್ಧಕ್ಕರ್ಧ ಹುಳ ಬದುಕಿ, ಎಲೆಯಲ್ಲಿ ಕಿಟಕಿ ಕೊರೆದು ದಪ್ಪಗಾಗಿದ್ದರೆ ಆಗ ನಿರೋಧಕ ಶಕ್ತಿಯ ಅನುಮಾನ ಗಟ್ಟಿ. ಬರೀ ನೀರಿನ ಡಬ್ಬಿಯಲ್ಲೇ ಇಪ್ಪತ್ತರಲ್ಲಿ ನಾಲ್ಕಕ್ಕಿಂತ ಜಾಸ್ತಿ ಸತ್ತಿದ್ದರೆ ಪರೀಕ್ಷೆಯನ್ನು ಮತ್ತೆ ಮಾಡಿ.

ಈಗ ನಿಮ್ಮ ಪಕ್ಕದ ತೋಟದವರ ಮಾತು. 'ಒಗ್ಗಿಕೊಂಡಿದೆ' ಅನ್ನುವುದು ಅರ್ಧ ಸರಿ. ನಾವು ಮೆಣಸಿನಕಾಯಿ ಖಾರಕ್ಕೆ ಒಗ್ಗಿಕೊಳ್ಳುವ ಹಾಗೆ ಯಾವ ಒಂದು ಹುಳವೂ ಬಿಟಿಗೆ ಒಗ್ಗಿಕೊಳ್ಳುವುದಿಲ್ಲ. ಹೊಟ್ಟೆಗೆ ಬಿಟಿ ಹೋದ ದಿನ ಅದು ಸಾಯುವ ಹುಳವಾಗಿದ್ದರೆ ಸಾಯುತ್ತದೆ. ಸಾಯದ ಹುಳ ಹುಟ್ಟುವಾಗಲೇ ಹಾಗೆ ಹುಟ್ಟಿರುತ್ತದೆ, ನೀವು ಬಿಟಿ ತರುವ ಮೊದಲೇ ಅದು ನಿಮ್ಮ ತೋಟದಲ್ಲಿ ಇತ್ತು. ಸಾವಿರದಲ್ಲಿ ಒಂದೋ, ಲಕ್ಷದಲ್ಲಿ ಒಂದೋ. ನೀವು ಉಳಿದವನ್ನು ತೆಗೆದುಹಾಕಿ ಅದಕ್ಕೆ ಜಾಗ ಮಾಡಿಕೊಟ್ಟಿರಿ. ಮರಿಗಳಿಗೂ ಬರುತ್ತದೆ ಅನ್ನುವ ಇನ್ನರ್ಧ ಮಾತು ಪೂರ್ತಿ ನಿಜ. ಆದರೆ ಎಲ್ಲ ಮರಿಗಳಿಗೂ ಒಂದೇ ಥರ ಬರುವುದಿಲ್ಲ. ನಿಮ್ಮ ಬೆಳೆ ಉಳಿಯುವ ದಾರಿ ಇರುವುದು ಅದರಲ್ಲೇ.

ಹುಳದ ಹೊಟ್ಟೆಯೊಳಗೆ ಏನಾಗುತ್ತದೆ ಅಂತ ಸ್ವಲ್ಪ ನೋಡೋಣ. ಬಿಟಿ ಅಂದರೆ ಬ್ಯಾಸಿಲಸ್ ಥುರಿಂಜೆನ್ಸಿಸ್ ಅನ್ನುವ ಮಣ್ಣಿನ ಬ್ಯಾಕ್ಟೀರಿಯಾ. ಅದು ಬೀಜಾಣು ಕಟ್ಟುವಾಗ ಪಕ್ಕದಲ್ಲೇ ಪ್ರೋಟೀನಿನ ಒಂದು ಹರಳನ್ನೂ ಕಟ್ಟುತ್ತದೆ. ನಮ್ಮ ಹೊಟ್ಟೆಯಲ್ಲಿ ಹುಳಿ ಇದ್ದರೆ ಈ ಹುಳದ ಹೊಟ್ಟೆಯಲ್ಲಿ ಸುಣ್ಣದ ನೀರಿನಂಥ ಕ್ಷಾರ. ಆ ಕ್ಷಾರದಲ್ಲಿ ಹರಳು ಕರಗುತ್ತದೆ. ಹುಳದ್ದೇ ಜೀರ್ಣರಸ ಆ ಪ್ರೋಟೀನನ್ನು ಕತ್ತರಿಸಿ ಚಿಕ್ಕದು ಮಾಡುತ್ತದೆ, ಆಗ ಅದು ವಿಷವಾಗುತ್ತದೆ. ಆ ವಿಷ ಕರುಳಿನ ಗೋಡೆಯಲ್ಲಿರುವ ಕೆಲವು ಗೂಟಗಳಿಗೆ ಹೋಗಿ ಕಟ್ಟಿಕೊಳ್ಳುತ್ತದೆ. ಕ್ಯಾಡ್‌ಹೆರಿನ್ ಅನ್ನುವುದು ಅಂಥ ಒಂದು ಗೂಟ, ಎಬಿಸಿಸಿ2 ಅನ್ನುವುದು ಇನ್ನೊಂದು. ಕಟ್ಟಿಕೊಂಡ ಮೇಲೆ ಕರುಳಿನ ಕೋಶಗಳಿಗೆ ತೂತು ಬೀಳುತ್ತದೆ. ಕೋಶ ಊದಿ ಒಡೆಯುತ್ತದೆ.

ಹಗ್ಗ ಎಷ್ಟೇ ಗಟ್ಟಿ ಇರಲಿ, ಗೂಟವೇ ಇಲ್ಲದಿದ್ದರೆ ಹಸುವನ್ನು ಎಲ್ಲಿ ಕಟ್ಟುತ್ತೀರಿ? ನಿರೋಧಕ ಹುಳದಲ್ಲಿ ಸಾಮಾನ್ಯವಾಗಿ ಆಗಿರುವುದು ಇದೇ. ಗೂಟ ಮಾಡುವ ಜೀನು ಕೆಟ್ಟಿರುತ್ತದೆ. ವಿಷ ಹೊಟ್ಟೆಯೊಳಗೇ ಇದ್ದರೂ ಕಟ್ಟಿಕೊಳ್ಳಲು ಜಾಗ ಸಿಗದೆ ಹಿಕ್ಕೆಯ ಜೊತೆ ಹೊರಗೆ ಹೋಗುತ್ತದೆ.

ಪ್ರತಿ ಹುಳಕ್ಕೂ ಈ ಜೀನಿನ ಎರಡು ಪ್ರತಿ ಇರುತ್ತವೆ, ಅಪ್ಪನದೊಂದು, ಅಮ್ಮನದೊಂದು. ಎರಡೂ ಕೆಟ್ಟಿದ್ದರೆ ಗೂಟ ಇಲ್ಲವೇ ಇಲ್ಲ. ಒಂದು ಮಾತ್ರ ಕೆಟ್ಟಿದ್ದರೆ? ಇನ್ನೊಂದು ಪ್ರತಿ ಗೂಟ ಮಾಡುತ್ತಲೇ ಇರುತ್ತದೆ. ಮೊದಲಿಗಿಂತ ಕಡಿಮೆ, ಆದರೆ ಸಾಯುವಷ್ಟು ಇರುತ್ತದೆ. ಈ ಹುಳದ ಒಳಗೆ ನಿರೋಧಕ ಗುಣ ಇದೆ, ಮೇಲೆ ಕಾಣುವುದಿಲ್ಲ. ಶಾಲೆಯಲ್ಲಿ ಇದನ್ನು 'ದುರ್ಬಲ ಗುಣ' ಅಂತ ಓದಿರುತ್ತೀರಿ. ಆ ಹೆಸರು ನನಗೆ ಸರಿ ಅನ್ನಿಸುವುದಿಲ್ಲ. ಅದರಲ್ಲಿ ದುರ್ಬಲವಾದದ್ದು ಏನೂ ಇಲ್ಲ, ಅದು ಅಡಗಿ ಕೂತಿರುತ್ತದೆ ಅಷ್ಟೇ. ಅಡಗುವ ಗುಣ ಅನ್ನೋಣ.

ನಿಮ್ಮ ಸೋದರಮಾವನಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ, ಈ ಹೆಸರಿನಲ್ಲಿ ಗೊತ್ತಿಲ್ಲದೆ ಇರಬಹುದು. ಮೈಸೂರು ತಳಿಯ ರೇಷ್ಮೆ ಗೂಡು ಹಸಿರು ಮಿಶ್ರಿತ ಹಳದಿ, ಬೈವೋಲ್ಟೀನ್ ಗೂಡು ಬಿಳಿ. ಎರಡನ್ನೂ ಸೇರಿಸಿ ಮಾಡಿದ ಮಿಶ್ರತಳಿಯ ಗೂಡು ಹಳದಿ. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ರಾಶಿ ರಾಶಿ ಬೀಳುವುದು ನೋಡಿರುತ್ತಾರೆ. ಬಿಳಿ ಎಲ್ಲಿ ಹೋಯಿತು? ಎಲ್ಲೂ ಹೋಗಿಲ್ಲ, ಒಳಗೆ ಇದೆ. ಮಿಶ್ರತಳಿಯ ಗೂಡಿನಿಂದ ಬಂದ ಪತಂಗಗಳನ್ನೇ ಮತ್ತೆ ಕೂಡಿಸಿ ಮೊಟ್ಟೆ ಇಡಿಸಿದರೆ ಮುಂದಿನ ಬೆಳೆಯಲ್ಲಿ, ಗೂಡು ಕಟ್ಟಿಸುವ ಚಂದ್ರಿಕೆ ಮೇಲೆ ಬಿಳಿ ಗೂಡು ಮತ್ತೆ ಕಾಣಿಸಿಕೊಳ್ಳುತ್ತದೆ. ಗೂಡಿನ ಬಣ್ಣದ ಹಿಂದೆ ಒಂದಕ್ಕಿಂತ ಜಾಸ್ತಿ ಜೀನ್ ಇವೆ, ಹಾಗಾಗಿ ಲೆಕ್ಕ ಅಷ್ಟು ನೇರವಲ್ಲ. ತತ್ವ ಮಾತ್ರ ಇದೇ. ಅಂದ ಹಾಗೆ, ಮೆಂಡೆಲನ ನಿಯಮ ಕೀಟಗಳಲ್ಲೂ ನಡೆಯುತ್ತದೆ ಅಂತ ಜಪಾನಿನ ತೊಯಾಮಾ 1906ರಲ್ಲಿ ತೋರಿಸಿದ್ದು ರೇಷ್ಮೆ ಹುಳದಲ್ಲೇ.

ಕೋಸಿನ ಹುಳದಲ್ಲಿ ಇದನ್ನು ಕಂಡುಹಿಡಿಯುವುದು ಹೇಗೆ? ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ, ನನ್ನ ಎಷ್ಟೋ ವರ್ಷ ಹೋಗಿರುವುದು ಈ ಕೆಲಸದಲ್ಲೇ. ನಿಮ್ಮ ಹುಳದ ಹೆಸರು ವಜ್ರಬೆನ್ನಿನ ಪತಂಗ, ಅಂಗಡಿಯಲ್ಲಿ ಡಿಬಿಎಂ ಅಂತಾರೆ. ಪತಂಗ ರೆಕ್ಕೆ ಮಡಿಸಿ ಕೂತಾಗ ಬೆನ್ನಿನ ಮೇಲೆ ಮೂರು ವಜ್ರದ ಆಕಾರ ಸಾಲಾಗಿ ಕಾಣುತ್ತದೆ. ಲ್ಯಾಬಿನಲ್ಲಿ ಲೋಟಗಳಲ್ಲಿ ಸಾಸಿವೆ ಮೊಳಕೆ ಬೆಳೆಸಿ ಅದರ ಮೇಲೆ ಮೊಟ್ಟೆ ಇಡಿಸುತ್ತೇವೆ. ಪತಂಗಕ್ಕೆ ಹತ್ತಿಯಲ್ಲಿ ಅದ್ದಿದ ಜೇನುನೀರು. ಸಾಯುವ ಸಂತತಿ ಒಂದು ಪಂಜರದಲ್ಲಿ, ಸಾಯದ ಸಂತತಿ ಇನ್ನೊಂದರಲ್ಲಿ.

ಎರಡನ್ನೂ ಕೂಡಿಸಬೇಕಾದರೆ ಹೆಣ್ಣು ಅದಕ್ಕೂ ಮೊದಲು ಯಾವ ಗಂಡನ್ನೂ ಸೇರಿರಬಾರದು. ಇದು ಹೇಳುವಷ್ಟು ಸುಲಭವಲ್ಲ. ಗೂಡಿನಿಂದ ಹೊರಬಂದ ಅವತ್ತಿನ ರಾತ್ರಿಯೇ ಪತಂಗಗಳು ಕೂಡಿಬಿಡುತ್ತವೆ. ಹಾಗಾಗಿ ಹುಳವಾಗಿ ಇರುವಾಗಲೇ ಗಂಡು ಹೆಣ್ಣು ಬೇರೆ ಮಾಡುತ್ತೇವೆ. ಕೊನೆಯ ಹಂತದ ಗಂಡು ಹುಳದ ಬೆನ್ನಿನ ಮೇಲೆ, ನಡುವಿಗಿಂತ ಸ್ವಲ್ಪ ಹಿಂದೆ, ಚರ್ಮದ ಅಡಿಯಲ್ಲಿ ಬಿಳಿ ಚುಕ್ಕೆ ಕಾಣುತ್ತದೆ. ಹೆಣ್ಣಿಗೆ ಅದು ಇರುವುದಿಲ್ಲ. ಭೂತಗನ್ನಡಿಯ ಕೆಳಗೆ ಕುಂಚದ ತುದಿಯಿಂದ ಒಂದೊಂದನ್ನೂ ತಿರುಗಿಸಿ ನೋಡಬೇಕು. ಓದುವ ಕಾಲದಲ್ಲಿ ನನ್ನಿಂದ ಒಮ್ಮೆ ಇಲ್ಲಿ ತಪ್ಪಾಯಿತು. ಹೆಣ್ಣುಗಳ ಲೋಟದಲ್ಲಿ ಒಂದು ಗಂಡು ಉಳಿದುಹೋಗಿತ್ತು. ಸಾಯಬೇಕಾಗಿದ್ದ ಮೊದಲ ಪೀಳಿಗೆಯಲ್ಲಿ ಆರು ಹುಳ ಆರಾಮಾಗಿ ಮೇಯುತ್ತಾ ಕೂತಿದ್ದವು. ಹೊಸದೇನೋ ಸಿಕ್ಕಿತು ಅಂತ ಎರಡು ದಿನ ನಿದ್ದೆ ಮಾಡಲಿಲ್ಲ. ಆಮೇಲೆ ಎಲ್ಲವನ್ನೂ ಸುರಿದು ಮೊದಲಿಂದ ಶುರು ಮಾಡಿದೆ, ಮೂರು ತಿಂಗಳ ಕೆಲಸ. ಒಂದು ತಪ್ಪು ಗಂಡು ಇಡೀ ತೀರ್ಮಾನವನ್ನೇ ತಿರುಗಿಸಿಬಿಡುತ್ತದೆ.

ಸರಿಯಾಗಿ ಕೂಡಿಸಿದಾಗ ಕಾಣುವುದು ಇದು. ಸಾಯದ ಹೆಣ್ಣು, ಸಾಯುವ ಗಂಡು ಕೂಡಿ ಹುಟ್ಟಿದ ಮರಿಗಳಿಗೆ ಪೂರ್ತಿ ಪ್ರಮಾಣದ ಬಿಟಿ ತಿನ್ನಿಸಿದರೆ ಹೆಚ್ಚುಕಡಿಮೆ ಎಲ್ಲವೂ ಸಾಯುತ್ತವೆ. ಅಂದರೆ ಗುಣ ಅಡಗಿದೆ. ಇದನ್ನೇ ತಿರುಗಿಸಿ, ಗಂಡು ಸಾಯದ್ದು, ಹೆಣ್ಣು ಸಾಯುವುದು ಅಂತ ಮಾಡಿದರೂ ಅದೇ ಫಲ. ಪತಂಗಗಳಲ್ಲಿ ಲಿಂಗದ ವರ್ಣತಂತು ನಮ್ಮ ಥರ ಅಲ್ಲ, ಅಲ್ಲಿ ಎರಡು ಬೇರೆ ಬೇರೆ ತಂತು ಇರುವುದು ಹೆಣ್ಣಿಗೆ. ಗುಣ ಆ ತಂತಿನಲ್ಲಿ ಇದ್ದಿದ್ದರೆ ಎರಡು ಕಡೆಯ ಫಲದಲ್ಲಿ ವ್ಯತ್ಯಾಸ ಬರಬೇಕಿತ್ತು. ಬರಲಿಲ್ಲ. ಹಾಗಾಗಿ ಅಪ್ಪನಿಂದಲೂ ಅಮ್ಮನಿಂದಲೂ ಸಮನಾಗಿ ಬರುತ್ತದೆ ಅಂತ ತಿಳಿಯುತ್ತದೆ. ಮುಂದಿನ ಹೆಜ್ಜೆಯಲ್ಲಿ ಆ ಮಿಶ್ರ ಮರಿಗಳನ್ನು ಮತ್ತೆ ಸಾಯದ ಸಂತತಿಗೆ ಕೂಡಿಸುತ್ತೇವೆ. ಒಂದೇ ಜೀನಿನ ಆಟವಾಗಿದ್ದರೆ ಈಗ ಅರ್ಧ ಸಾಯಬೇಕು, ಅರ್ಧ ಬದುಕಬೇಕು. ಮಿಶ್ರ ಮರಿಗಳನ್ನು ತಮ್ಮತಮ್ಮಲ್ಲೇ ಕೂಡಿಸಿದರೆ ನಾಲ್ಕರಲ್ಲಿ ಒಂದು ಬದುಕಬೇಕು. ಬೇರೆ ಬೇರೆ ಪ್ರಮಾಣದಲ್ಲಿ ತಿನ್ನಿಸಿ ಲೆಕ್ಕ ಹೊಂದುತ್ತದಾ ಅಂತ ನೋಡುತ್ತೇವೆ.

ಹವಾಯಿ ದ್ವೀಪದ ವಜ್ರಬೆನ್ನಿನ ಪತಂಗದಲ್ಲಿ ಇದೇ ಫಲ ಬಂತು. ತೆರೆದ ಹೊಲದಲ್ಲಿ ಬಿಟಿಗೆ ಬಗ್ಗದೆ ನಿಂತ ಮೊದಲ ಕೀಟ ನಿಮ್ಮ ತೋಟದ ಈ ಕೀಟವೇ. ಅದಕ್ಕೂ ಮೊದಲು, 1985ರಲ್ಲಿ, ಧಾನ್ಯದ ಕಣಜದ ಪತಂಗವೊಂದರಲ್ಲಿ ಇಂಥದ್ದು ಕಂಡಿತ್ತು, ಆದರೆ ಅದು ಗೋದಾಮಿನ ಒಳಗಿನ ಕಥೆ. ಹವಾಯಿಯಲ್ಲಿ ಕೀಟಶಾಸ್ತ್ರಜ್ಞ ಬ್ರೂಸ್ ತಬಾಶ್ನಿಕ್ ಮತ್ತು ಅವರ ಜೊತೆಯವರು 1990ರಲ್ಲಿ ವರದಿ ಮಾಡಿದಾಗ, ಮೇಲಿಂದ ಮೇಲೆ ಬಿಟಿ ಹೊಡೆದ ಹೊಲದ ಹುಳವನ್ನು ಕೊಲ್ಲಲು ಮಾಮೂಲಿ ಹುಳಕ್ಕೆ ಬೇಕಾದ್ದಕ್ಕಿಂತ 25ರಿಂದ 33 ಪಟ್ಟು ಬಿಟಿ ಬೇಕಾಗಿತ್ತು. ಅಂಗಡಿಯವರು ಹೇಳಿದ ಡಬಲ್ ಇದರ ಮುಂದೆ ಎಲ್ಲಿ ನಿಲ್ಲುತ್ತದೆ? ಎರಡೂ ಪ್ರತಿ ಕೆಟ್ಟ ಹುಳಕ್ಕೆ ಡಬಲ್ ಹೊಡೆದರೂ ಅಷ್ಟೇ, ನಾಲ್ಕು ಪಟ್ಟು ಹೊಡೆದರೂ ಅಷ್ಟೇ. ನಿಮ್ಮ ದುಡ್ಡು ಮಾತ್ರ ಹೋಗುತ್ತದೆ. ಅದೇ ತಂಡ 1997ರಲ್ಲಿ ಇನ್ನೊಂದು ವಿಷಯ ತೋರಿಸಿತು. ಒಂದೇ ಒಂದು ಅಡಗುವ ಜೀನ್ ಬಿಟಿಯ ನಾಲ್ಕು ಬೇರೆ ಬೇರೆ ವಿಷಗಳಿಂದ ಹುಳವನ್ನು ಕಾಪಾಡುತ್ತಿತ್ತು. ನಾಲ್ಕಕ್ಕೂ ಗೂಟ ಒಂದೇ ಇದ್ದರೆ ಹಾಗಾಗುವುದು ಸಹಜ. ಸಾಯುವ ಸಂತತಿ ಅಂತ ಇಟ್ಟುಕೊಂಡಿದ್ದ ಹುಳಗಳಲ್ಲೂ ನೂರಕ್ಕೆ 21ರಷ್ಟು ಆ ಜೀನನ್ನು ಒಳಗೆ ಹೊತ್ತಿದ್ದವು. ಮೇಲೆ ನೋಡಿದರೆ ಗೊತ್ತೇ ಆಗುತ್ತಿರಲಿಲ್ಲ.

ಈಗ ಅರ್ಧ ಡೋಸಿನ ವಿಷಯ. ಒಂದು ಗುಣ ಅಡಗುತ್ತದೋ ಮೇಲೆ ಬರುತ್ತದೋ ಅನ್ನುವುದು ಜೀನಿನಲ್ಲೇ ಪೂರ್ತಿ ಬರೆದಿರುವುದಿಲ್ಲ. ನೀವು ಎಷ್ಟು ಹೊಡೆಯುತ್ತೀರಿ ಅನ್ನುವುದರ ಮೇಲೂ ಹೋಗುತ್ತದೆ. ಒಂದು ಪ್ರತಿ ಕೆಟ್ಟ ಹುಳದಲ್ಲಿ ಗೂಟ ಕಡಿಮೆ ಅಂದೆನಲ್ಲ. ಪೂರ್ತಿ ಡೋಸಿನಲ್ಲಿ ಆ ಕಡಿಮೆ ಗೂಟಕ್ಕೂ ಸಾಕಷ್ಟು ವಿಷ ಕಟ್ಟಿಕೊಂಡು ಹುಳ ಸಾಯುತ್ತದೆ. ಅರ್ಧ ಡೋಸಿನಲ್ಲಿ ಅದು ಬದುಕಿಕೊಳ್ಳಬಹುದು. ಆಗ ಅದೇ ಗುಣ ಪ್ರಬಲ ಗುಣದ ಹಾಗೆ ನಡೆದುಕೊಳ್ಳುತ್ತದೆ. ಲ್ಯಾಬಿನಲ್ಲಿ ಒಂದೇ ಮಿಶ್ರ ಪೀಳಿಗೆಯನ್ನು ನಾಲ್ಕು ಪ್ರಮಾಣದಲ್ಲಿ ಇಟ್ಟರೆ ಇದು ಕಣ್ಣಿಗೆ ಕಾಣುತ್ತದೆ. ಗಟ್ಟಿ ದ್ರಾವಣದ ಲೋಟದಲ್ಲಿ ಎಲ್ಲವೂ ಕಪ್ಪಗಾಗಿ ಬಿದ್ದಿರುತ್ತವೆ, ತೆಳು ದ್ರಾವಣದ ಲೋಟದಲ್ಲಿ ಅವುಗಳ ಒಡಹುಟ್ಟಿದವೇ ಎಲೆ ಜರಡಿ ಮಾಡಿರುತ್ತವೆ.

ಒಂದು ಕಾಗದದ ಲೆಕ್ಕ ಹಾಕೋಣ. ನಿಮ್ಮ ಸುತ್ತಮುತ್ತ 10 ಲಕ್ಷ ಹುಳ ಇವೆ, ಕೆಟ್ಟ ಪ್ರತಿ ಸಾವಿರಕ್ಕೆ ಒಂದರಂತೆ ಇದೆ ಅಂದುಕೊಳ್ಳಿ. ಎರಡೂ ಪ್ರತಿ ಕೆಟ್ಟ ಹುಳ ಎಷ್ಟು? ಒಂದೇ ಒಂದು. ಒಂದು ಪ್ರತಿ ಮಾತ್ರ ಕೆಟ್ಟವು? ಹತ್ತಿರ ಹತ್ತಿರ 2,000. ಪೂರ್ತಿ ಡೋಸ್ ಸರಿಯಾಗಿ ಬಿದ್ದರೆ ಉಳಿಯುವುದು ಆ ಒಂದು. ಅದು ಪತಂಗವಾಗಿ ಜೊತೆ ಹುಡುಕಿಕೊಂಡು ಹೋದಾಗ ಸಿಗುವುದು ಔಷಧಿ ಬೀಳದ ಕಡೆಯಿಂದ ಬಂದ ಮಾಮೂಲಿ ಪತಂಗ. ಅವುಗಳ ಮರಿಗಳೆಲ್ಲ ಒಂದು ಪ್ರತಿ ಹೊತ್ತವು, ಮುಂದಿನ ಪೂರ್ತಿ ಡೋಸಿಗೆ ಸಾಯುವಂಥವು. ಒಂದು ಪ್ರತಿ ಕೆಟ್ಟವೂ ಬದುಕುವಷ್ಟು ತೆಳ್ಳಗೆ ಹೊಡೆದರೆ ಉಳಿಯುವುದು 2,000. ಅವು ತಮ್ಮತಮ್ಮಲ್ಲೇ ಕೂಡಿದರೆ ಮರಿಗಳಲ್ಲಿ ನಾಲ್ಕಕ್ಕೆ ಒಂದು ಎರಡೂ ಪ್ರತಿ ಕೆಟ್ಟದ್ದು. ಹತ್ತು ಲಕ್ಷಕ್ಕೆ ಒಂದು ಇದ್ದದ್ದು ಒಂದೇ ಪೀಳಿಗೆಯಲ್ಲಿ ನಾಲ್ಕಕ್ಕೆ ಒಂದಾಯಿತು. ನಿಜವಾದ ತೋಟದಲ್ಲಿ ಇಷ್ಟು ವೇಗ ಇರುವುದಿಲ್ಲ, ಅಕ್ಕಪಕ್ಕದ ಪತಂಗ ಬಂದು ಬೆರೆಯುತ್ತವೆ. ಆದರೆ ಬೆಂಗಳೂರಿನ ಹವೆಯಲ್ಲಿ ಈ ಕೀಟಕ್ಕೆ ಮೊಟ್ಟೆಯಿಂದ ಪತಂಗ ಆಗಲು ಎರಡು ಮೂರು ವಾರ ಸಾಕು. ನಾಲ್ಕು ವರ್ಷ ಅಂದರೆ ಎಷ್ಟು ಪೀಳಿಗೆ ಅಂತ ನೀವೇ ಎಣಿಸಿ. ಆ ಅಷ್ಟೂ ಪೀಳಿಗೆಗೆ ನಿಮ್ಮ ಅರ್ಧ ಡೋಸ್ ಜರಡಿ ಹಿಡಿದಿದೆ.

ಇದನ್ನು ಬೇಸರ ಮಾಡಲಿ ಅಂತ ಹೇಳುತ್ತಿಲ್ಲ. ನೀವು ವಿಷ ಬೇಡ ಅಂದಿರಿ, ಒಳ್ಳೆಯದನ್ನೇ ಆರಿಸಿಕೊಂಡಿರಿ. ಪೂರ್ತಿ ಡೋಸ್ ಯಾಕೆ ಬೇಕು ಅಂತ ನಿಮಗೆ ಯಾರೂ ಹೇಳಲಿಲ್ಲ. ಪ್ಯಾಕೆಟ್ಟಿನ ಮೇಲೆ ಪ್ರಮಾಣ ಇರುತ್ತದೆ, ಕಾರಣ ಇರುವುದಿಲ್ಲ.

ಎಲ್ಲ ನಿರೋಧಕ ಗುಣವೂ ಅಡಗುವುದಿಲ್ಲ ಅನ್ನುವುದನ್ನೂ ಹೇಳಬೇಕು. ಚೀನಾದಲ್ಲಿ ಹತ್ತಿಯ ಕಾಯಿಕೊರಕದಲ್ಲಿ ಒಂದು ಪ್ರತಿ ಇದ್ದರೂ ಸಾಕು, ಹುಳ ಬದುಕುತ್ತದೆ ಅನ್ನುವಂಥ ಪ್ರಬಲ ಬದಲಾವಣೆ ಸಿಕ್ಕಿದೆ. ಅದನ್ನು 2018ರಲ್ಲಿ ಪ್ರಕಟಿಸಿದರು. ಅಂಥದ್ದು ಹಬ್ಬಿದರೆ ಮೇಲಿನ ಲೆಕ್ಕ ಕೆಲಸಕ್ಕೆ ಬರುವುದಿಲ್ಲ. ಹಾಗಾಗಿಯೇ ಪ್ರತಿ ಊರಿನ ಹುಳವನ್ನೂ ಕೂಡಿಸಿ ನೋಡಬೇಕಾಗುತ್ತದೆ, ಹವಾಯಿಯ ಫಲವನ್ನು ಇಲ್ಲಿಗೆ ಹಾಗೇ ಅಂಟಿಸಲು ಆಗುವುದಿಲ್ಲ.

ಬಿಟಿ ವಿಷದ ಜೀನನ್ನೇ ಗಿಡದೊಳಗೆ ಸೇರಿಸಿದ ಬಿಟಿ ಹತ್ತಿಯ ಕಥೆ ನಿಮಗೆ ಗೊತ್ತಿರುತ್ತದೆ, ಬೇಗ ಹೇಳಿ ಮುಗಿಸುತ್ತೇನೆ. ಅಮೆರಿಕದ ಅರಿಜೋನಾದಲ್ಲಿ 1996ರಿಂದ ಬಿಟಿ ಹತ್ತಿ ಬೆಳೆದರು, ಪಕ್ಕದಲ್ಲಿ ಬಿಟಿ ಇಲ್ಲದ ಆಶ್ರಯ ಬೆಳೆಯನ್ನೂ ಬೆಳೆದರು. ಹತ್ತು ವರ್ಷವಾದರೂ ಗುಲಾಬಿ ಕಾಯಿಕೊರಕ ಬಗ್ಗಿಕೊಂಡೇ ಇತ್ತು. 2006ರಿಂದ ಸಂತಾನಶಕ್ತಿ ಇಲ್ಲದ ಪತಂಗಗಳನ್ನು ಹಾರಿಬಿಟ್ಟರು. 2018ರಲ್ಲಿ ಆ ದೇಶದ ಹತ್ತಿ ಹೊಲಗಳಲ್ಲಿ ಈ ಹುಳ ಇಲ್ಲ ಅಂತ ಘೋಷಿಸಿದರು. ನಮ್ಮಲ್ಲಿ 2002ರಲ್ಲಿ ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕಿತು. ಜೊತೆಗೆ ಕೊಟ್ಟ ನಾನ್ ಬಿಟಿ ಬೀಜದ ಪೊಟ್ಟಣವನ್ನು ಬಹಳ ಜನ ಬಿತ್ತಲೇ ಇಲ್ಲ. 2010ರ ಹೊತ್ತಿಗೆ ಗುಜರಾತಿನಲ್ಲಿ ಅದೇ ಗುಲಾಬಿ ಕಾಯಿಕೊರಕ ಮೊದಲ ಬಿಟಿ ಜೀನಿಗೆ ಬಗ್ಗುತ್ತಿಲ್ಲ ಅಂತ ತಿಳಿಯಿತು. ಆಮೇಲೆ ಎರಡು ಜೀನಿನ ಹತ್ತಿಗೂ ಬಗ್ಗಲಿಲ್ಲ. ರಾಯಚೂರಿನ ಕಡೆಯ ರೈತರನ್ನು ಕೇಳಿ, ಕಾಯಿ ಬಿಡಿಸಿ ತೋರಿಸುತ್ತಾರೆ. ಹುಳ ಒಂದೇ, ಜೀನೂ ಒಂದೇ. ಮಾಮೂಲಿ ಪತಂಗಗಳನ್ನು ಉಳಿಸಿಕೊಂಡ ಕಡೆ ಒಂದು ಫಲ, ಉಳಿಸಿಕೊಳ್ಳದ ಕಡೆ ಇನ್ನೊಂದು.

'ಒಮ್ಮೆ ಬಂದ ಮೇಲೆ ಹೋಗಲ್ವಾ' ಅಂತ ಕೇಳಿದ್ದೀರಿ. ವಜ್ರಬೆನ್ನಿನ ಪತಂಗದ ಮಟ್ಟಿಗೆ ಸಮಾಧಾನದ ಉತ್ತರ ಇದೆ. 1994ರಲ್ಲಿ ಪ್ರಕಟವಾದ ಕೆಲಸದಲ್ಲಿ, ಬಿಟಿ ತಿನ್ನಿಸುವುದನ್ನು ನಿಲ್ಲಿಸಿ ಹಲವು ಪೀಳಿಗೆ ಸಾಕಿದಾಗ ಹುಳದ ನಿರೋಧಕ ಶಕ್ತಿ ಇಳಿಯುತ್ತಾ ಬಂತು. ಆ ಗೂಟಗಳನ್ನು ಹುಳ ಬಿಟಿಗಾಗಿ ಇಟ್ಟುಕೊಂಡಿರುವುದಲ್ಲ, ತನ್ನ ಕೆಲಸಕ್ಕೆ ಇಟ್ಟುಕೊಂಡಿರುತ್ತದೆ. ಅದು ಕೆಟ್ಟರೆ ಎಷ್ಟೋ ಸಲ ಬದುಕು ಸ್ವಲ್ಪ ಕುಂಟುತ್ತದೆ. ಬಿಟಿ ಇಲ್ಲದಾಗ ಮಾಮೂಲಿ ಹುಳ ಮುಂದೆ ಹೋಗುತ್ತದೆ. ಆದರೆ ಜೀನ್ ಪೂರ್ತಿ ಅಳಿಯುವುದಿಲ್ಲ, ಅಡಗಿ ಕೂತಿರುತ್ತದೆ. ಮತ್ತೆ ವಾರ ವಾರ ಹೊಡೆಯಲು ಶುರು ಮಾಡಿದರೆ ಈ ಸಲ ಬೇಗ ಮೇಲೆ ಬರುತ್ತದೆ.

ಹಾಗಾದರೆ ಏನು ಮಾಡಬೇಕು? ಡಬ್ಬಿಯ ಪರೀಕ್ಷೆಯಲ್ಲಿ ಹುಳ ಬದುಕಿದರೆ ಮುಂದಿನ ಎರಡು ಬೆಳೆಗೆ ಬಿಟಿ ನಿಲ್ಲಿಸಿ. ಬಿಟಿ ಇಲ್ಲದೆ ಕೋಸು ಬೆಳೆಯಲು ಆಗದಿದ್ದರೆ ಒಂದು ಹಂಗಾಮು ಕೋಸು, ಹೂಕೋಸು, ನವಿಲುಕೋಸು, ಮೂಲಂಗಿ ಯಾವುದೂ ಹಾಕದೆ ಬೀನ್ಸ್ ಅಥವಾ ಟೊಮೆಟೊ ಹಾಕಿ. ಈ ಕೀಟಕ್ಕೆ ಸಾಸಿವೆ ಜಾತಿಯ ಗಿಡ ಬಿಟ್ಟರೆ ಬೇರೆ ಊಟ ಇಲ್ಲ. ಕೋಸೇ ಬೇಕು ಅಂದರೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಹೇಳಿಕೊಟ್ಟ ಸಾಸಿವೆ ಸಾಲಿನ ಪದ್ಧತಿ ಇದೆ, ನನಗೆ ಬಹಳ ಇಷ್ಟವಾದದ್ದು. 25 ಸಾಲು ಕೋಸಿಗೆ ಎರಡು ಸಾಲು ಸಾಸಿವೆ. ಒಂದು ಸಾಲನ್ನು ಕೋಸು ನಾಟಿಗೆ 15 ದಿನ ಮೊದಲು ಬಿತ್ತಬೇಕು, ಇನ್ನೊಂದನ್ನು ನಾಟಿಯಾದ 25 ದಿನಕ್ಕೆ. ಪತಂಗ ಕೋಸು ಬಿಟ್ಟು ಸಾಸಿವೆ ಮೇಲೆ ಮೊಟ್ಟೆ ಇಡಲು ಹೋಗುತ್ತದೆ. ಕೋಸಿಗೆ ಬೇವಿನ ಬೀಜದ ಕಷಾಯ, ನೂರಕ್ಕೆ ನಾಲ್ಕರ ಪ್ರಮಾಣದಲ್ಲಿ. ಆ ಸಾಸಿವೆಗೆ ಮಾತ್ರ ಬಿಟಿ ಸೋಕಿಸಬೇಡಿ. ಬಿಟಿ ಕಾಣದ ಪತಂಗ ಹುಟ್ಟುವುದು ಅಲ್ಲೇ, ನಿಮ್ಮ ನಿರೋಧಕ ಪತಂಗಕ್ಕೆ ಸಿಗಬೇಕಾದ ಜೊತೆಯೂ ಅದೇ. ಪೂರ್ತಿ ಹುಳ ಕೊಲ್ಲಬೇಕು ಅನ್ನುವವರು ಇದನ್ನು ಒಪ್ಪುವುದಿಲ್ಲ. ಸಾಸಿವೆ ಮೇಲಿನ ಹುಳವನ್ನೂ ಮುಗಿಸಿಬಿಡಿ ಅಂತಾರೆ. ಬಿಟಿಯನ್ನು ಇನ್ನೂ ಹತ್ತು ವರ್ಷ ಬಳಸಬೇಕು ಅನ್ನುವವರಿಗೆ ನನ್ನ ಮಾತು ಬೇರೆ.

ಬಿಟಿಗೆ ಮತ್ತೆ ಬಂದಾಗ ವಾರದ ಲೆಕ್ಕ ಬಿಡಿ. ಗಿಡ ನೋಡಿ, ಸಣ್ಣ ಹುಳ ಕಂಡಾಗ ಮಾತ್ರ ಹೊಡೆಯಿರಿ. ಪೂರ್ತಿ ಪ್ರಮಾಣ, ಅಂಟು ದ್ರಾವಣದ ಜೊತೆ, ಎಲೆಯ ಅಡಿಗೂ ಬೀಳುವ ಹಾಗೆ, ಬಿಸಿಲು ಇಳಿದ ಮೇಲೆ. ನಾಲ್ಕು ಸಲ ಅರ್ಧ ಹೊಡೆಯುವ ಖರ್ಚಿನಲ್ಲಿ ಎರಡು ಸಲ ಪೂರ್ತಿ ಹೊಡೆಯಬಹುದು. ಪಕ್ಕದ ತೋಟದವರಿಗೂ ಹೇಳಿ. ಈ ಪತಂಗ ಗಾಳಿಯಲ್ಲಿ ಬಹಳ ದೂರ ಹೋಗುತ್ತದೆ, ಅವರ ತೋಟದ ಅರ್ಧ ಡೋಸ್ ನಿಮ್ಮ ತೋಟಕ್ಕೂ ಬರುತ್ತದೆ.

ಕೊನೆಗೆ ನಿಮ್ಮ ಸೋದರಮಾವನ ಹುಳ. ಬಿಟಿ ಮೊದಲು ಸಿಕ್ಕಿದ್ದೇ ಸತ್ತ ರೇಷ್ಮೆ ಹುಳದಲ್ಲಿ. 1901ರಲ್ಲಿ ಜಪಾನಿನ ಇಶಿವಾಟಾ ಅನ್ನುವವರು ಅದನ್ನು ಕಂಡರು. ಹುಳ ದಿಢೀರನೆ ಕುಸಿದು ಬೀಳುತ್ತಿದ್ದ ಆ ರೋಗಕ್ಕೆ ಅಲ್ಲಿ ಸೊಟ್ಟೊ ಅನ್ನುತ್ತಿದ್ದರು. ಬಿಟಿ ಅನ್ನುವ ಹೆಸರು ಆಮೇಲೆ ಜರ್ಮನಿಯ ಥುರಿಂಜಿಯಾದಿಂದ ಬಂತು. ರೇಷ್ಮೆ ಹುಳದಲ್ಲೂ ಬಿಟಿಯ ಒಂದು ವಿಷಕ್ಕೆ ಬಗ್ಗದ ತಳಿಗಳಿವೆ. 2012ರಲ್ಲಿ ಜಪಾನಿನವರು ಅದರ ಕಾರಣ ಹಿಡಿದರು. ಆ ಎಬಿಸಿಸಿ2 ಗೂಟದಲ್ಲಿ ಒಂದೇ ಒಂದು ಅಮೈನೋ ಆಮ್ಲ, ಟೈರೋಸಿನ್, ಜಾಸ್ತಿ ಸೇರಿಕೊಂಡಿತ್ತು. ಬಗ್ಗದ ತಳಿಗೆ ಮಾಮೂಲಿ ಜೀನನ್ನು ಸೇರಿಸಿದಾಗ ಅದು ಮತ್ತೆ ಸಾಯುವ ಹುಳವಾಯಿತು. ಸಾವಿರಕ್ಕೂ ಜಾಸ್ತಿ ಮಣಿ ಪೋಣಿಸಿದ ಸರದಲ್ಲಿ ಒಂದು ಮಣಿ ಹೆಚ್ಚಾದದ್ದು ಹುಳದ ಸಾವು ಬದುಕನ್ನು ಬದಲಿಸಿತು. ಇದನ್ನು ಮೊದಲ ಸಲ ಓದಿದ ದಿನ ನಾನು ಇನ್ನೇನೂ ಓದಲಿಲ್ಲ.

ಆದರೆ ನಿಮ್ಮ ಮಾವನ ಮನೆಯಲ್ಲಿ ಈ ಗುಣ ಬೆಳೆಯುವುದಿಲ್ಲ. ಕಾರಣ ಸರಳ. ಅವರು ತಮ್ಮ ಗೂಡಿನ ಪತಂಗದಿಂದ ಮುಂದಿನ ಬೆಳೆಯ ಮೊಟ್ಟೆ ಇಡಿಸುವುದಿಲ್ಲ, ಅಲ್ವಾ? ಪ್ರತಿ ಸಲ ಹೊಸ ಮಿಶ್ರತಳಿ ಮೊಟ್ಟೆಯನ್ನೋ ಚಾಕಿ (ಎಳೆಯ) ಹುಳವನ್ನೋ ತರುತ್ತಾರೆ. ಈ ಬೆಳೆಯಲ್ಲಿ ಬದುಕಿದ ಹುಳದ ಗುಣ ಮುಂದಿನ ಬೆಳೆಗೆ ಹೋಗುವ ದಾರಿಯೇ ಇಲ್ಲ. ಗೂಡು ಮಾರುಕಟ್ಟೆಗೆ ಹೋಗುತ್ತದೆ, ನೂಲಾಗುತ್ತದೆ. ಹಾಗಾಗಿ ಅವರ ಹುಳ ನಾಲ್ಕು ವರ್ಷದ ಹಿಂದೆ ಎಷ್ಟು ಸೂಕ್ಷ್ಮವಾಗಿತ್ತೋ ಇವತ್ತೂ ಅಷ್ಟೇ ಸೂಕ್ಷ್ಮ. ನಿಮ್ಮ ಕೋಸಿನ ಹುಳ ಸಾಯದ ಹನಿಯಲ್ಲಿ ಅವರ ಹುಳ ಸಾಯುತ್ತದೆ. ಗಾಳಿ ಹಿಪ್ಪುನೇರಳೆ ತೋಟದ ಕಡೆ ಬೀಸುತ್ತಿದ್ದರೆ ಅವತ್ತು ಬಿಟಿ ಹೊಡೆಯಬೇಡಿ. ಆ ಪಂಪು, ಆ ಬಕೆಟ್ಟು, ಕಲಸಿದ ಕೈ ಯಾವುದೂ ಅವರ ಸೊಪ್ಪಿನ ಹತ್ತಿರ ಹೋಗುವುದು ಬೇಡ. ಬಿಟಿ ಹೊಡೆಯುವ ದಿನ ಮುಂಚೆಯೇ ಅವರಿಗೊಂದು ಫೋನ್ ಮಾಡಿ. ಆ ಬದಿಯ ಸಾಲಿನ ಸೊಪ್ಪನ್ನು ಅವರು ಮೊದಲೇ ಕೊಯ್ದಿಟ್ಟುಕೊಳ್ಳಲಿ.